ದಿನಸಿ ಕೊಳ್ಳುವ ಮುನ್ನ ಮೊಬೈಲಿಗೆ ಕೆಲಸ ಕೊಡಿ: ಆರೋಗ್ಯಕರ ಖರೀದಿಗೊಂದು ಮಾರ್ಗದರ್ಶಿ

ಪೊಟ್ಟಣದ ಮುಂಭಾಗ ಕಂಪನಿ ಹೇಳಬಯಸುವುದನ್ನು ಹೇಳುತ್ತದೆ. ಹಿಂಭಾಗದಲ್ಲಿ ಕಾನೂನು ಹೇಳಿಸುವ ಮಾತುಗಳಿರುತ್ತವೆ. ನಮಗೆ ಬೇಕಾದ ವಿಷಯ ಹಿಂಭಾಗದಲ್ಲಿದ್ದರೂ ಅದನ್ನು ಓದುವವರು ಕಡಿಮೆ. ಅಕ್ಷರ ಸಣ್ಣದು, ಭಾಷೆ ಇಂಗ್ಲಿಷು, ಜೊತೆಗೆ ಗ್ರಾಂ, ಮಿಲಿಗ್ರಾಂ, ಶೇಕಡಾ ಎಂಬ ಲೆಕ್ಕ. ಈ ಮೂರೂ ಅಡ್ಡಿಗಳನ್ನು ದಾಟಿಸುವ ಸಾಧನ ಈಗ ಪ್ರತಿಯೊಬ್ಬರ ಜೇಬಿನಲ್ಲಿದೆ. ಕ್ಯಾಮೆರಾ ಅಕ್ಷರವನ್ನು ದೊಡ್ಡದು ಮಾಡುತ್ತದೆ, ಕನ್ನಡಕ್ಕೆ ಅನುವಾದಿಸುತ್ತದೆ. ಬಾರ್‌ಕೋಡ್ ಓದುವ ಆ್ಯಪ್‌ಗಳು ಲೆಕ್ಕವನ್ನೂ ಮಾಡಿಕೊಡುತ್ತವೆ.

ಆದರೆ ರಾತ್ರಿ ಹತ್ತು ಗಂಟೆಗೆ ಐಸ್‌ಕ್ರೀಮಿನ ರಿಯಾಯಿತಿ ತೋರಿಸಿ, ಹತ್ತೇ ನಿಮಿಷದಲ್ಲಿ ಅದನ್ನು ಬಾಗಿಲಿಗೆ ತಲುಪಿಸುವುದೂ ಇದೇ ಮೊಬೈಲ್. ಅದಕ್ಕಾಗಿಯೇ ಕೆಲಸದ ಕ್ರಮ ಮುಖ್ಯ. ಅಂಗಡಿ ನಮಗೆ ಏನು ಬೇಕೆಂದು ತೀರ್ಮಾನಿಸುವ ಮೊದಲು ನಾವು ತೀರ್ಮಾನಿಸಿರಬೇಕು. ಕೆಳಗಿನ ಹಂತಗಳನ್ನು ಆ ಕ್ರಮದಲ್ಲೇ ಜೋಡಿಸಿದ್ದೇನೆ.

ಹಂತ 1: ಮನೆಗೆ ಎಷ್ಟು ಬೇಕು ಎಂಬ ಲೆಕ್ಕ

ಯಾವ ಆ್ಯಪ್ ಹಾಕಿಕೊಳ್ಳುವುದಕ್ಕಿಂತಲೂ ಮೊದಲು ಮೊಬೈಲಿನ ಕ್ಯಾಲ್ಕುಲೇಟರ್ ತೆರೆಯಿರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿಗಳನ್ನು ಹೊರತಂದಿತು. ದಿನಕ್ಕೆ 2,000 ಕಿಲೋಕ್ಯಾಲೊರಿ ಬೇಕಿರುವ ಒಬ್ಬ ವಯಸ್ಕರಿಗೆ ಅದು ಸೂಚಿಸುವ ತಟ್ಟೆ ಹೀಗಿದೆ: ಅಕ್ಕಿ, ರಾಗಿ, ಗೋಧಿಯಂಥ ಧಾನ್ಯ 250 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ, ಮಾಂಸ 85 ಗ್ರಾಂ, ಕಡಲೆಕಾಯಿ, ಎಳ್ಳಿನಂಥ ಬೀಜಗಳು 35 ಗ್ರಾಂ, ಎಣ್ಣೆ ಮತ್ತು ತುಪ್ಪ ಒಟ್ಟಾಗಿ 27 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್.

ಇದನ್ನು ನಾಲ್ವರು ವಯಸ್ಕರಿರುವ ಮನೆಗೆ ಗುಣಿಸಿ ನೋಡಿ. ತಿಂಗಳಿಗೆ ಧಾನ್ಯ 30 ಕೆ.ಜಿ., ಬೇಳೆಕಾಳು ಸುಮಾರು 10 ಕೆ.ಜಿ., ಹಣ್ಣು 12 ಕೆ.ಜಿ., ಎಣ್ಣೆ ಮತ್ತು ತುಪ್ಪ ಸೇರಿ ಮೂರೂಕಾಲು ಕೆ.ಜಿ. ತರಕಾರಿ ಮಾತ್ರ 48 ಕೆ.ಜಿ.! ಅಂದರೆ ವಾರಕ್ಕೆ 11 ಕೆ.ಜಿ.ಗೂ ಮಿಕ್ಕಿ ಸೊಪ್ಪು ತರಕಾರಿ ಮನೆಗೆ ಬರಬೇಕು. ಈ ಸಂಖ್ಯೆಯನ್ನು ನಿಮ್ಮ ಮನೆಯ ತರಕಾರಿ ಚೀಲದ ಪಕ್ಕದಲ್ಲಿಟ್ಟು ನೋಡಿದರೆ ಬದಲಾವಣೆ ಎಲ್ಲಿಂದ ಶುರುವಾಗಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಮಕ್ಕಳಿಗೂ ವೃದ್ಧರಿಗೂ ಪ್ರಮಾಣ ಬೇರೆಯಾಗುತ್ತದೆ. ಮೈಮುರಿದು ದುಡಿಯುವವರಿಗೆ ಧಾನ್ಯ ಹೆಚ್ಚು ಬೇಕು. ಲೆಕ್ಕವನ್ನು ಹಾಗೆ ಹೊಂದಿಸಿಕೊಳ್ಳಿ.

ಉಪ್ಪು, ಸಕ್ಕರೆಗೂ ಇದೇ ಲೆಕ್ಕ ಹಾಕಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬ ವಯಸ್ಕರಿಗೆ ದಿನದ ಉಪ್ಪು 5 ಗ್ರಾಂ ಮೀರಬಾರದು. ನಾಲ್ವರಿಗೆ ತಿಂಗಳಿಗೆ 600 ಗ್ರಾಂ. ಒಂದು ಕೆ.ಜಿ.ಯ ಉಪ್ಪಿನ ಪೊಟ್ಟಣ ನಾಲ್ವರ ಮನೆಯಲ್ಲಿ ಒಂದೂವರೆ ತಿಂಗಳಾದರೂ ಬರಬೇಕು ಎಂದಾಯಿತು. ಉಪ್ಪಿನಕಾಯಿ, ಹಪ್ಪಳ, ಮಿಕ್ಸ್ಚರ್, ಬ್ರೆಡ್ಡಿನಲ್ಲಿರುವ ಉಪ್ಪೂ ಈ 600 ಗ್ರಾಂನಲ್ಲೇ ಸೇರುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು ದಿನ ಬರಬೇಕು. ಸೇರಿಸಿದ ಸಕ್ಕರೆಯನ್ನು ದಿನಕ್ಕೆ 25 ಗ್ರಾಂಗೆ ಮಿತಗೊಳಿಸಿದರೆ ನಾಲ್ವರಿಗೆ ತಿಂಗಳಿಗೆ 3 ಕೆ.ಜಿ. ಇದರಲ್ಲಿ ಕಾಫಿಯ ಸಕ್ಕರೆ, ಪಾಯಸದ ಬೆಲ್ಲ, ಬಿಸ್ಕತ್ತು, ಜಾಮ್, ತಂಪು ಪಾನೀಯ ಎಲ್ಲವೂ ಸೇರಿವೆ.

ನನ್ನ ಅಭಿಪ್ರಾಯದಲ್ಲಿ ಇಡೀ ಮಾರ್ಗದರ್ಶಿಯಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು. ಮುಂದಿನದನ್ನೆಲ್ಲ ಬಿಟ್ಟರೂ ಈ ಒಂದು ಲೆಕ್ಕ ಹಾಕಿಡಿ.

ಹಂತ 2: ಮನೆಯವರೆಲ್ಲ ನೋಡಬಲ್ಲ ಒಂದೇ ಪಟ್ಟಿ

ಗೂಗಲ್ ಕೀಪ್‌ನಂಥ ಟಿಪ್ಪಣಿ ಆ್ಯಪ್‌ನಲ್ಲಿ ಗುರುತು ಹಾಕಬಹುದಾದ ಪಟ್ಟಿಯೊಂದನ್ನು ಮಾಡಿ, ಮನೆಯ ಸದಸ್ಯರಿಗೆ ಹಂಚಿಕೊಳ್ಳಿ. ಒಬ್ಬರು ‘ತಂದಾಯಿತು’ ಎಂದು ಗುರುತು ಹಾಕಿದರೆ ಉಳಿದವರ ಮೊಬೈಲಿನಲ್ಲೂ ಅದು ಕಾಣುತ್ತದೆ. ಟೈಪ್ ಮಾಡಲು ಬೇಸರವೆನಿಸುವ ಹಿರಿಯರಿಗೆ ಕೀಬೋರ್ಡಿನ ಮೈಕ್ ಗುರುತನ್ನು ತೋರಿಸಿಕೊಡಿ. ಭಾಷೆಯನ್ನು ಕನ್ನಡಕ್ಕೆ ಹೊಂದಿಸಿದರೆ ‘ತೊಗರಿಬೇಳೆ ಎರಡು ಕೆ.ಜಿ.’ ಎಂದು ಹೇಳಿದ್ದು ಅಕ್ಷರವಾಗಿ ಮೂಡುತ್ತದೆ.

ಪಟ್ಟಿಯ ಕ್ರಮದಲ್ಲೂ ಒಂದು ವಿಚಾರವಿದೆ. ಹಂತ 1ರ ಪ್ರಮಾಣಗಳನ್ನು ಬರೆದು, ಸೊಪ್ಪು, ತರಕಾರಿ, ಹಣ್ಣು, ಕಾಳುಗಳನ್ನು ಮೇಲಿಡಿ. ಬಿಸ್ಕತ್ತು, ಕುರುಕಲು ತಿಂಡಿಗಳಿಗೆ ಕೊನೆಯಲ್ಲಿ ಎರಡೋ ಮೂರೋ ಸಾಲು ಬಿಡಿ. ಅವು ತುಂಬಿದ ಮೇಲೆ ಹೊಸದೊಂದು ಸೇರಬೇಕಾದರೆ ಹಳೆಯದೊಂದು ಹೋಗಬೇಕು. ‘ಬಿಸ್ಕತ್ತೇ ಬೇಡ’ ಎಂಬ ನಿಯಮ ಮಕ್ಕಳಿರುವ ಮನೆಯಲ್ಲಿ ವಾರದೊಳಗೆ ಮುರಿದುಬೀಳುತ್ತದೆ. ‘ಮೂರರಲ್ಲಿ ಯಾವುದು ಬೇಕೋ ಆರಿಸಿ’ ಎಂಬ ನಿಯಮ ಉಳಿದುಕೊಳ್ಳುತ್ತದೆ.

ಹಂತ 3: ಕ್ಯಾಮೆರಾದಿಂದ ಹಿಂಬದಿ ಓದುವುದು

ಗೂಗಲ್ ಲೆನ್ಸ್ ತೆರೆದು ಪೊಟ್ಟಣದ ಹಿಂಭಾಗಕ್ಕೆ ಹಿಡಿಯಿರಿ. ‘ಅನುವಾದ’ ಆರಿಸಿದರೆ ಇಂಗ್ಲಿಷ್ ಪದಗಳ ಜಾಗದಲ್ಲಿ ಕನ್ನಡ ಕಾಣುತ್ತದೆ. ಹೊಳೆಯುವ ಪ್ಲಾಸ್ಟಿಕ್ ಮೇಲೆ ಬೆಳಕು ಬಿದ್ದರೆ ಅಕ್ಷರ ತಪ್ಪಾಗಿ ಓದಿಕೊಳ್ಳುತ್ತದೆ. ಪೊಟ್ಟಣವನ್ನು ಸ್ವಲ್ಪ ಓರೆಯಾಗಿಸಿ, ಸುಕ್ಕು ಬಿಡಿಸಿ ಹಿಡಿಯಿರಿ.

ಮೊದಲು ಪದಾರ್ಥಗಳ ಪಟ್ಟಿ ನೋಡಿ. ತಯಾರಿಕೆಯಲ್ಲಿ ಯಾವುದರ ತೂಕ ಹೆಚ್ಚೋ ಅದನ್ನು ಮೊದಲು ಬರೆಯಬೇಕು, ಆಮೇಲೆ ಇಳಿಕೆಯ ಕ್ರಮದಲ್ಲಿ ಉಳಿದವು ಬರಬೇಕು ಎಂಬುದು ನಿಯಮ. ರಾಗಿ ಬಿಸ್ಕತ್ತು ಎಂದು ಮುಂದೆ ದೊಡ್ಡದಾಗಿ ಬರೆದು, ಹಿಂದೆ ಮೈದಾ, ಸಕ್ಕರೆ, ಪಾಮ್ ಎಣ್ಣೆ ಆದ ಮೇಲೆ ರಾಗಿಯ ಹೆಸರು ಬಂದರೆ ಅದು ಮೈದಾ ಬಿಸ್ಕತ್ತೇ. ಹೆಸರಿನಲ್ಲಿ ಎತ್ತಿ ಹೇಳಿದ ಪದಾರ್ಥದ ಶೇಕಡಾ ಪ್ರಮಾಣವೂ ಪಟ್ಟಿಯಲ್ಲಿರುತ್ತದೆ, ಅದನ್ನು ಹುಡುಕಿ. ನಮ್ಮ ರಾಗಿಗೆ ಬೇರೆಯವರ ಜಾಹೀರಾತು ಬೇಕಿಲ್ಲ. ಭಾರತೀಯ ಆಹಾರ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರಿನಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಲ್ಸಿಯಂ 8 ಮಿಲಿಗ್ರಾಂಗೂ ಕಡಿಮೆ, ನಾರು 3 ಗ್ರಾಂಗೂ ಕಡಿಮೆ. ಬಿಸ್ಕತ್ತಿನಲ್ಲಿ ರಾಗಿ ಹುಡುಕುವುದರ ಬದಲು ರಾಗಿ ಹಿಟ್ಟನ್ನೇ ಕೊಳ್ಳುವುದು ಲೇಸು.

ಸಕ್ಕರೆ ಹಲವು ಹೆಸರುಗಳಲ್ಲಿ ಅಡಗಿರುತ್ತದೆ: ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್ ಸಿರಪ್, ಕಾರ್ನ್ ಸಿರಪ್. ಜೇನು, ಬೆಲ್ಲವೂ ಸೇರಿಸಿದ ಸಕ್ಕರೆಯೇ. ಮೂರ್ನಾಲ್ಕು ಹೆಸರುಗಳಾಗಿ ಒಡೆದಾಗ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ, ಮೇಲ್ನೋಟಕ್ಕೆ ಸಕ್ಕರೆ ಕಡಿಮೆ ಇರುವಂತೆ ಕಾಣುತ್ತದೆ. ಇದಕ್ಕೆ ಪರಿಹಾರ ಪೌಷ್ಟಿಕಾಂಶದ ಕೋಷ್ಟಕದಲ್ಲಿದೆ. ಅಲ್ಲಿ ‘ಒಟ್ಟು ಸಕ್ಕರೆ’ ಮತ್ತು ‘ಸೇರಿಸಿದ ಸಕ್ಕರೆ’ ಎಂದು ಎರಡು ಸಾಲುಗಳಿರುತ್ತವೆ, ಎರಡನೆಯದನ್ನು ನೋಡಿ.

ಕೋಷ್ಟಕ ಓದುವಾಗ ಒಂದೇ ಶಿಸ್ತು ಸಾಕು: ಯಾವಾಗಲೂ ‘100 ಗ್ರಾಂಗೆ’ ಎಂಬ ಅಂಕಣವನ್ನೇ ಹೋಲಿಸಿ. ‘ಒಂದು ಸರ್ವಿಂಗ್’ ಎಂಬ ಅಳತೆಯನ್ನು ಒಂದು ಕಂಪನಿ 15 ಗ್ರಾಂ ಎಂದರೆ ಇನ್ನೊಂದು 30 ಗ್ರಾಂ ಎನ್ನುತ್ತದೆ. ಹಾಗಾಗಿ ಸರ್ವಿಂಗ್ ಲೆಕ್ಕದಲ್ಲಿ ಎರಡು ಬ್ರ್ಯಾಂಡ್‌ಗಳನ್ನು ಹೋಲಿಸಲಾಗದು. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದಕ್ಕೆ ಬ್ರಿಟನ್ನಿನ ಕೆಂಪು, ಹಳದಿ, ಹಸಿರು ಲೇಬಲ್ ಪದ್ಧತಿಯ ಗಡಿಗಳು ನೆನಪಿಡಲು ಸುಲಭ. 100 ಗ್ರಾಂ ಆಹಾರದಲ್ಲಿ ಒಟ್ಟು ಸಕ್ಕರೆ 22.5 ಗ್ರಾಂ ಮೀರಿದರೆ ಕೆಂಪು, 5 ಗ್ರಾಂ ಅಥವಾ ಕಡಿಮೆಯಿದ್ದರೆ ಹಸಿರು. ಸ್ಯಾಚುರೇಟೆಡ್ ಕೊಬ್ಬು 5 ಗ್ರಾಂ ಮೀರಿದರೆ ಕೆಂಪು, 1.5ರವರೆಗೆ ಹಸಿರು. ಉಪ್ಪು 1.5 ಗ್ರಾಂ ಮೀರಿದರೆ ಕೆಂಪು, 0.3ರವರೆಗೆ ಹಸಿರು. ಇವನ್ನು ಬರೆದು ಅದರ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ನಮ್ಮ ಲೇಬಲ್‌ಗಳಲ್ಲಿ ಉಪ್ಪಿನ ಬದಲು ಸೋಡಿಯಂ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. ಉದಾಹರಣೆಗೆ ನೂಡಲ್ಸ್ ಪೊಟ್ಟಣದ ಮೇಲೆ 100 ಗ್ರಾಂಗೆ 1,200 ಮಿಲಿಗ್ರಾಂ ಸೋಡಿಯಂ ಎಂದಿದೆ, ಪೊಟ್ಟಣದ ತೂಕ 70 ಗ್ರಾಂ ಎಂದುಕೊಳ್ಳೋಣ. ಒಂದು ಪೊಟ್ಟಣದಲ್ಲಿ 840 ಮಿಲಿಗ್ರಾಂ ಸೋಡಿಯಂ, ಅಂದರೆ 2.1 ಗ್ರಾಂ ಉಪ್ಪು. ದಿನದ ಮಿತಿಯ ಶೇ 42 ಒಂದೇ ಸಲಕ್ಕೆ ಮುಗಿಯಿತು. ಪಾನೀಯದಲ್ಲೂ ಹೀಗೆಯೇ: 100 ಮಿಲಿಲೀಟರಿಗೆ 11 ಗ್ರಾಂ ಸಕ್ಕರೆ ಎಂಬುದು ಸಣ್ಣ ಸಂಖ್ಯೆಯಂತೆ ಕಂಡರೂ 250 ಮಿಲಿಲೀಟರಿನ ಡಬ್ಬಿಯಲ್ಲಿ 27.5 ಗ್ರಾಂ ಆಗುತ್ತದೆ. ದಿನವಿಡೀ ಸೇವಿಸಬಹುದಾದ 25 ಗ್ರಾಂಗಿಂತ ಅದು ಹೆಚ್ಚು.

ಈ ಗಡಿಗಳನ್ನು ಎಣ್ಣೆ, ತುಪ್ಪ, ಮಸಾಲೆ ಪುಡಿ, ಕಡಲೆಕಾಯಿಗೆ ಅನ್ವಯಿಸಬೇಡಿ. ಕಡಲೆಕಾಯಿಯಲ್ಲಿ ಸುಮಾರು ಶೇ 40ರಷ್ಟು ಕೊಬ್ಬಿದೆಯೆಂದು ಅದನ್ನು ಬಿಟ್ಟು, ‘ಲೋ ಫ್ಯಾಟ್’ ಎಂದು ಬರೆದ ಸಿಹಿ ತಿಂಡಿ ತಂದರೆ ನಷ್ಟ ನಮಗೇ.

ಹಂತ 4: ಬಾರ್‌ಕೋಡ್ ಸ್ಕ್ಯಾನರ್

ಓಪನ್ ಫುಡ್ ಫ್ಯಾಕ್ಟ್ಸ್ ಎಂಬುದು 2012ರಲ್ಲಿ ಫ್ರಾನ್ಸಿನಲ್ಲಿ ಶುರುವಾದ, ಲಾಭದ ಉದ್ದೇಶವಿಲ್ಲದ ಯೋಜನೆ. ಜಗತ್ತಿನಾದ್ಯಂತ ಸ್ವಯಂಸೇವಕರು ಪೊಟ್ಟಣಗಳ ಚಿತ್ರ ತೆಗೆದು ಮಾಹಿತಿ ತುಂಬುತ್ತಾರೆ. ಆ್ಯಪ್ ಉಚಿತ. ಬಾರ್‌ಕೋಡ್‌ಗೆ ಹಿಡಿದರೆ ಎರಡು ಮುಖ್ಯ ಗುರುತುಗಳು ಕಾಣುತ್ತವೆ. ಒಂದು, ಆಹಾರದ ಪೌಷ್ಟಿಕತೆಗೆ ಅಕ್ಷರದ ದರ್ಜೆ ಕೊಡುವ, ಫ್ರಾನ್ಸ್ 2017ರಲ್ಲಿ ಜಾರಿಗೆ ತಂದ ನ್ಯೂಟ್ರಿ-ಸ್ಕೋರ್. ಇದರಲ್ಲಿ ಎ ಅತ್ಯುತ್ತಮ, ಇ ಕೊನೆಯದು. ಇನ್ನೊಂದು, ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ನೋವಾ ವರ್ಗೀಕರಣ. ಆಹಾರ ಕಾರ್ಖಾನೆಯಲ್ಲಿ ಎಷ್ಟರಮಟ್ಟಿಗೆ ಸಂಸ್ಕರಣೆಗೊಂಡಿದೆ ಎಂಬುದನ್ನು ಅದು ಒಂದರಿಂದ ನಾಲ್ಕರವರೆಗಿನ ಗುಂಪುಗಳಲ್ಲಿ ಹೇಳುತ್ತದೆ. ನಾಲ್ಕನೆಯ ಗುಂಪು ಅತಿಸಂಸ್ಕರಿತ ಆಹಾರದ್ದು.

ಸ್ಕ್ಯಾನರನ್ನು ಒಂದೇ ಬಗೆಯ ಪದಾರ್ಥಗಳ ನಡುವೆ ಆರಿಸಲು ಬಳಸಿ: ಎರಡು ಬ್ರ್ಯಾಂಡಿನ ಬ್ರೆಡ್, ಮೂರು ಬ್ರ್ಯಾಂಡಿನ ಟೊಮೆಟೊ ಸಾಸ್. ಬೇಳೆಗೂ ಬಿಸ್ಕತ್ತಿಗೂ ಅಂಕ ಹೋಲಿಸುವುದರಲ್ಲಿ ಅರ್ಥವಿಲ್ಲ. ಭಾರತದ ಅನೇಕ ಉತ್ಪನ್ನಗಳ ಮಾಹಿತಿ ಅಪೂರ್ಣವಾಗಿರುತ್ತದೆ ಅಥವಾ ಹಳೆಯದಾಗಿರುತ್ತದೆ. ಆ್ಯಪ್ ಒಂದು ಹೇಳಿ ಪೊಟ್ಟಣ ಇನ್ನೊಂದು ಹೇಳಿದರೆ ಪೊಟ್ಟಣವನ್ನೇ ನಂಬಿ. ಉತ್ಪನ್ನ ಸಿಗದಿದ್ದರೆ ಚಿತ್ರ ತೆಗೆದು ನೀವೇ ಸೇರಿಸಬಹುದು. ಕನ್ನಡ ನಾಡಿನ ಸಣ್ಣ ತಯಾರಕರ ಹುರಿಹಿಟ್ಟು, ಚಟ್ನಿಪುಡಿ, ಸಿರಿಧಾನ್ಯದ ಅವಲಕ್ಕಿ ಅಲ್ಲಿ ಸೇರಿದರೆ ಮುಂದಿನವರಿಗೆ ಉಪಯೋಗ.

ಎರಡು ಎಚ್ಚರಿಕೆಗಳನ್ನು ಒತ್ತಿ ಹೇಳಬೇಕು. ಮೊದಲನೆಯದು, ಐಎನ್‌ಎಸ್ ಸಂಖ್ಯೆಗಳ, ಅಂದರೆ ಆಹಾರಕ್ಕೆ ಸೇರಿಸುವ ಬಣ್ಣ, ಸಂರಕ್ಷಕಗಳಂಥವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಗಳ ಭಯ. ಕೆಲವು ಆ್ಯಪ್‌ಗಳು ಸಂಖ್ಯೆ ಕಂಡ ಕೂಡಲೇ ಕೆಂಪು ದೀಪ ಹಚ್ಚುತ್ತವೆ. ಐಎನ್‌ಎಸ್ 100 ಅಂದರೆ ಅರಿಸಿನದ ಬಣ್ಣ, 300 ಅಂದರೆ ವಿಟಮಿನ್ ಸಿ, 330 ಅಂದರೆ ಸಿಟ್ರಿಕ್ ಆಮ್ಲ, 500 ಅಂದರೆ ಅಡುಗೆ ಸೋಡಾದ ವರ್ಗ. ಸಂಖ್ಯೆಯೇ ವಿಷವಲ್ಲ. ಸಕ್ಕರೆ, ಉಪ್ಪು, ಕೊಬ್ಬಿನ ಸಾಲುಗಳನ್ನು ಬಿಟ್ಟು ಈ ಸಂಖ್ಯೆಗಳ ಹಿಂದೆ ಓಡಿದರೆ ಗಮನ ತಪ್ಪುತ್ತದೆ.

ಎರಡನೆಯದು ಇನ್ನೂ ಗಂಭೀರ. ಸೋಡಿಯಂ ಕಡಿಮೆ ಇರುವ ಉಪ್ಪಿಗೆ ಆ್ಯಪ್ ಒಳ್ಳೆಯ ಅಂಕ ಕೊಡಬಹುದು. ಅಂಥ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ, ರಕ್ತದೊತ್ತಡದ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಹೆಚ್ಚಾಗುವುದು ಪ್ರಾಣಾಪಾಯ ತರಬಲ್ಲದು. ವೈದ್ಯರನ್ನು ಕೇಳದೆ ಮನೆಯ ಉಪ್ಪು ಬದಲಿಸಬೇಡಿ.

ಹಂತ 5: ಚಾಟ್ ಸಹಾಯಕರನ್ನು ಕೇಳುವುದಾದರೆ

ಲೇಬಲ್ಲಿನ ಚಿತ್ರವನ್ನು ಕೃತಕ ಬುದ್ಧಿಮತ್ತೆಯ ಆ್ಯಪ್‌ಗೆ ಕೊಟ್ಟು ಕನ್ನಡದಲ್ಲೇ ಪ್ರಶ್ನಿಸಬಹುದು. ‘ಇದು ಒಳ್ಳೆಯದೇ?’ ಎಂದು ಕೇಳಿದರೆ ಉತ್ತರವೂ ಮಂಜುಮಂಜಾಗಿರುತ್ತದೆ. ‘ಈ ಎರಡು ಪೊಟ್ಟಣಗಳಲ್ಲಿ 100 ಗ್ರಾಂಗೆ ಸೇರಿಸಿದ ಸಕ್ಕರೆ ಯಾವುದರಲ್ಲಿ ಕಡಿಮೆ, ಎಷ್ಟು ಕಡಿಮೆ?’ ಎಂದು ಕೇಳಿ. ದಶಮಾಂಶದ ಚುಕ್ಕೆಯನ್ನು ಇವು ಕೆಲವೊಮ್ಮೆ ತಪ್ಪಾಗಿ ಓದುತ್ತವೆ. ಬಂದ ಸಂಖ್ಯೆಯನ್ನು ಲೇಬಲ್ಲಿನ ಜೊತೆ ಒಮ್ಮೆ ತಾಳೆ ನೋಡಿ. ಮಧುಮೇಹ, ಅಲರ್ಜಿ ಇರುವವರ ಊಟವನ್ನು ಇವುಗಳ ಮಾತಿನ ಮೇಲೆ ತೀರ್ಮಾನಿಸುವುದು ಬೇಡ.

ಹಂತ 6: ಆನ್‌ಲೈನ್ ಅಂಗಡಿಯ ಒತ್ತಾಯಗಳಿಂದ ಬಿಡಿಸಿಕೊಳ್ಳುವುದು

ಆನ್‌ಲೈನ್ ಅಂಗಡಿಯಲ್ಲಿ ಪೊಟ್ಟಣವನ್ನು ತಿರುಗಿಸಿ ನೋಡಲಾಗದು ಎಂಬುದು ಮೊದಲ ತೊಡಕು. ಉತ್ಪನ್ನದ ಚಿತ್ರಗಳನ್ನು ಸರಿಸುತ್ತ ಹೋದರೆ ಹಿಂಬದಿಯ ಚಿತ್ರ ಸಿಗುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಲೆನ್ಸ್‌ಗೆ ಕೊಡಿ. ಹಿಂಬದಿಯ ಚಿತ್ರವೂ ಇಲ್ಲ, ಪದಾರ್ಥಗಳ ವಿವರವೂ ಇಲ್ಲ ಎಂದರೆ ಆ ಉತ್ಪನ್ನ ಬಿಟ್ಟುಬಿಡಿ.

ವಿಭಾಗದ ಹೆಸರುಗಳನ್ನು ನಂಬಬೇಡಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇ-ವಾಣಿಜ್ಯ ತಾಣಗಳಿಗೆ, ಬೋರ್ನ್‌ವಿಟಾ ಸೇರಿದಂತೆ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ ಸೂಚಿಸಿತು. ಅಂಥದ್ದೊಂದು ವರ್ಗವನ್ನು ನಮ್ಮ ಆಹಾರ ಕಾನೂನು ವ್ಯಾಖ್ಯಾನಿಸಿಯೇ ಇಲ್ಲ ಎಂಬುದು ಕಾರಣ. ಅದೇ ವರ್ಷ ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು, ಸಾರಕ್ಕೆ ನೀರು ಸೇರಿಸಿ ಮಾಡಿದ ಹಣ್ಣಿನ ರಸದ ಮೇಲೆ ‘ಶೇ 100 ಹಣ್ಣಿನ ರಸ’ ಎಂದು ಬರೆಯುವುದನ್ನು ನಿಲ್ಲಿಸಲು ಆದೇಶಿಸಿತು. ಅಲ್ಲಿಯವರೆಗೂ ಎಷ್ಟೋ ತಾಯಂದಿರು ಆ ಎರಡು ಮಾತುಗಳನ್ನು ನಂಬಿ ಮಕ್ಕಳಿಗೆ ಕೊಟ್ಟಿದ್ದರು. ಇದು ನನಗೆ ಈಗಲೂ ಸಂಕಟ ತರುವ ಸಂಗತಿ.

ಆ್ಯಪ್‌ನಲ್ಲಿ ಈ ನಾಲ್ಕು ಕೆಲಸ ಇಂದೇ ಮಾಡಿ:

- ಸೆಟ್ಟಿಂಗ್ಸ್‌ಗೆ ಹೋಗಿ ಜಾಹೀರಾತಿನ ನೋಟಿಫಿಕೇಶನ್ ನಿಲ್ಲಿಸಿ. ಡೆಲಿವರಿಯ ಸೂಚನೆ ಮಾತ್ರ ಇರಲಿ.
- ಮುಖಪುಟದಲ್ಲಿ ಅಡ್ಡಾಡದೆ, ಹುಡುಕುವ ಜಾಗದಲ್ಲಿ ನಿಮ್ಮ ಪಟ್ಟಿಯ ಹೆಸರನ್ನೇ ಬರೆಯಿರಿ. ‘ತಿಂಡಿ’ ಎಂದು ಬರೆದರೆ ಚಿಪ್ಸ್ ಬರುತ್ತದೆ, ‘ಹುರಿಗಡಲೆ’ ಎಂದರೆ ಹುರಿಗಡಲೆ ಬರುತ್ತದೆ.
- ಬುಟ್ಟಿ ತುಂಬಿದ ಕೂಡಲೇ ಹಣ ಕಟ್ಟಬೇಡಿ. ಹಸಿದ ಹೊತ್ತಿನಲ್ಲಿ ತುಂಬಿದ ಬುಟ್ಟಿಯನ್ನು ಊಟವಾದ ಮೇಲೆ ಇನ್ನೊಮ್ಮೆ ನೋಡಿ.
- ‘ಇನ್ನು 60 ರೂಪಾಯಿಗೆ ಕೊಂಡರೆ ಡೆಲಿವರಿ ಉಚಿತ’ ಎಂದಾಗ ಸೇರಿಸಲು ಪಟ್ಟಿಯ ಸಾಮಾನುಗಳನ್ನೇ ಮೊದಲೇ ಗುರುತು ಮಾಡಿಡಿ: ಹೆಸರುಕಾಳು, ಬಾಳೆಹಣ್ಣು, ನಿಂಬೆಹಣ್ಣು.

ನೀವು ಸೇರಿಸದ ವಸ್ತುವನ್ನು ಬುಟ್ಟಿಗೆ ತುರುಕುವುದು, ‘ಎರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಬೇಡವೆಂದರೆ ನಾಚಿಕೆಯಾಗುವಂತೆ ಬರೆಯುವುದು ಇವೆಲ್ಲ 2023ರ ನವೆಂಬರ್ 30ರಂದು ಹೊರಬಿದ್ದ ಕೇಂದ್ರದ ಮಾರ್ಗಸೂಚಿಯ ಪ್ರಕಾರ ನಿಷಿದ್ಧ. ಅಂಥ ಹದಿಮೂರು ತಂತ್ರಗಳನ್ನು ಅದು ಪಟ್ಟಿಮಾಡಿದೆ. ಬಾಳಿಕೆಯ ದಿನಾಂಕವನ್ನೂ ನೋಡಿ. ಡೆಲಿವರಿಯ ಹೊತ್ತಿಗೆ ಆಹಾರದ ಬಾಳಿಕೆ ಅವಧಿಯಲ್ಲಿ ಶೇ 30 ಅಥವಾ 45 ದಿನವಾದರೂ ಉಳಿದಿರುವಂತೆ ನೋಡಿಕೊಳ್ಳಲು ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಆನ್‌ಲೈನ್ ವ್ಯಾಪಾರಿಗಳಿಗೆ ತಿಳಿಸಿತ್ತು.

ಸೊಪ್ಪು ತರಕಾರಿಗೆ ಇದಾವುದರ ಗೊಡವೆಯೂ ಬೇಡ. ಅದಕ್ಕೆ ಬಾರ್‌ಕೋಡ್ ಇಲ್ಲ, ಪದಾರ್ಥಗಳ ಪಟ್ಟಿ ಇಲ್ಲ. ಸಂತೆಗೋ ತಳ್ಳುಗಾಡಿಗೋ ಹಾಪ್‌ಕಾಮ್ಸ್ ಮಳಿಗೆಗೋ ಹೋಗಿ ಕೈಯಲ್ಲಿ ಹಿಡಿದು ನೋಡಿ ತನ್ನಿ. ಮೊಬೈಲಿನಲ್ಲಿ ‘ಸೊಪ್ಪಿನ ದಿನ’ ಎಂಬ ನೆನಪೋಲೆ ಇದ್ದರೆ ಸಾಕು.

ಹಂತ 7: ಮಕ್ಕಳ ಕೈಗೆ ಸ್ಕ್ಯಾನರ್ ಕೊಡಿ

ಓದಲು ಬರುವ ಮಗುವಿಗೆ ಅಂಗಡಿಯಲ್ಲಿ ಒಂದು ಕೆಲಸ ಹಚ್ಚಿ: ‘ಈ ಮೂರು ಬಿಸ್ಕತ್ತುಗಳಲ್ಲಿ 100 ಗ್ರಾಂಗೆ ಸಕ್ಕರೆ ಕಡಿಮೆ ಇರುವುದನ್ನು ಹುಡುಕು, ಅದನ್ನೇ ಕೊಳ್ಳೋಣ.’ ಮಗು ಕ್ಯಾಮೆರಾ ಹಿಡಿದು, ಸಂಖ್ಯೆ ಓದಿ, ಹೋಲಿಸಿ ತಂದುಕೊಡುತ್ತದೆ. ಕೊಟ್ಟ ಮಾತಿನಂತೆ ಅದನ್ನೇ ಕೊಳ್ಳಬೇಕು, ಇಲ್ಲವಾದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಡಬ್ಬಿಯ ಸಕ್ಕರೆಯನ್ನು ಚಮಚದ ಲೆಕ್ಕಕ್ಕೆ ಇಳಿಸಲು ಹೇಳಿ. ಒಂದು ಚಿಕ್ಕ ಚಮಚಕ್ಕೆ ಸುಮಾರು 4 ಗ್ರಾಂ ಎಂದು ಹಿಡಿದರೆ ಮೇಲಿನ ಪಾನೀಯದ ಡಬ್ಬಿಯಲ್ಲಿ ಹೆಚ್ಚುಕಡಿಮೆ ಏಳು ಚಮಚ. ಮನೆಗೆ ಬಂದು ಅಷ್ಟನ್ನೂ ಲೋಟಕ್ಕೆ ಅಳೆದು ಹಾಕಿಸಿ. ಆಯ್ಕೆಯನ್ನು ತಾವೇ ಮಾಡಿದ ಮಕ್ಕಳು ಅದನ್ನು ಗೆಳೆಯರ ಮುಂದೆಯೂ ಸಮರ್ಥಿಸಿಕೊಳ್ಳುತ್ತಾರೆ. ಆದರೆ ಮಗುವಿನ ತೂಕದ ಮಾತು ಈ ಆಟದಲ್ಲಿ ಬರಲೇಕೂಡದು, ಲೆಕ್ಕ ಪೊಟ್ಟಣದ್ದು ಮಾತ್ರ.

ಹಂತ 8: ತಿಂಗಳ ಕೊನೆಗೆ ಬಿಲ್ ನೋಡುವುದು

ಆನ್‌ಲೈನ್ ಆರ್ಡರ್‌ಗಳ ಇತಿಹಾಸ ಆ್ಯಪ್‌ನಲ್ಲೇ ಇರುತ್ತದೆ. ಅಂಗಡಿಯ ಬಿಲ್‌ಗಳ ಚಿತ್ರ ತೆಗೆದು ಒಂದು ಫೋಲ್ಡರಿನಲ್ಲಿಡಿ. ತಿಂಗಳ ಕೊನೆಗೆ ಮೂರೇ ಪ್ರಶ್ನೆ: ತರಕಾರಿ ಎಷ್ಟು ಕೆ.ಜಿ. ಬಂತು? ಎಣ್ಣೆ ಎಷ್ಟು ಖರ್ಚಾಯಿತು? ಪಟ್ಟಿಯಲ್ಲಿಲ್ಲದ ಎಷ್ಟು ಪೊಟ್ಟಣಗಳು ಮನೆ ಸೇರಿದವು? ಉತ್ತರಗಳನ್ನು ಹಂಚಿಕೊಂಡ ಪಟ್ಟಿಯ ತಲೆಯಲ್ಲೇ ಬರೆಯಿರಿ. ಮುಂದಿನ ತಿಂಗಳಿಗೆ ಒಂದನ್ನು ಮಾತ್ರ ಬದಲಿಸಿ: ಎಣ್ಣೆ ಅರ್ಧ ಲೀಟರ್ ಕಡಿಮೆ, ಅಥವಾ ವಾರಕ್ಕೆ ಎರಡು ಕಟ್ಟು ಸೊಪ್ಪು ಹೆಚ್ಚು. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೊರಟರೆ ಅಡುಗೆ ಮಾಡುವವರ ಮೇಲೆ ಭಾರ ಬೀಳುತ್ತದೆ, ಮನೆಯಲ್ಲಿ ಮನಸ್ತಾಪವೂ ಆಗುತ್ತದೆ.

ದೂರು ಕೊಡಬೇಕಾದರೆ

ಪೊಟ್ಟಣದ ಮೇಲಿರುವ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಕಲಬೆರಕೆ, ತಪ್ಪು ಲೇಬಲ್, ಅವಧಿ ಮೀರಿದ ಆಹಾರದ ಬಗ್ಗೆ ಅದರಲ್ಲೇ ಚಿತ್ರ ಸಹಿತ ದೂರು ಸಲ್ಲಿಸಬಹುದು. ಬುಟ್ಟಿಗೆ ತುರುಕಿದ ವಸ್ತು, ಮೋಸದ ಬೆಲೆಯ ವಿಷಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕರೆಗೂ ಮುನ್ನ ಬಿಲ್, ಪೊಟ್ಟಣದ ಎರಡೂ ಬದಿಯ ಚಿತ್ರ, ಆರ್ಡರ್ ಪುಟದ ಸ್ಕ್ರೀನ್‌ಶಾಟ್ ಒಂದೆಡೆ ಇಟ್ಟುಕೊಳ್ಳಿ. ಪೊಟ್ಟಣವನ್ನು ದೂರು ಇತ್ಯರ್ಥವಾಗುವವರೆಗೆ ಎಸೆಯಬೇಡಿ, ಬ್ಯಾಚ್ ಸಂಖ್ಯೆ ಇರುವುದು ಅದರ ಮೇಲೆ.